ಸಂಘದ ಕಂಪ್ಯೂಟರಿಗೆ ಹೊಸ ವ್ಯವಸ್ಥೆ: ಕೈಪಿಡಿ ನೋಡಿ ಕಲಿಯುವ ಬಗೆ

(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಅನೇಕ ಸಂಘಗಳಲ್ಲಿ ಈಗ ಹಾಲಿನ ಅಳತೆ, ಜಿಡ್ಡಿನಾಂಶ, ಬಟವಾಡೆ ಎಲ್ಲದರ ಲೆಕ್ಕವೂ ಕಂಪ್ಯೂಟರಿನಲ್ಲಿದೆ. ಆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರ ಓಡುವುದೇನೋ ನಿಜ. ಆದರೆ ಹೊಸ ರಕ್ಷಣೆಯಿಲ್ಲದೆ ವೈರಸ್ ಹೊಕ್ಕರೆ ಹಾಳಾಗುವುದು ನಮ್ಮ ಹಾಲಿನ ಲೆಕ್ಕ. ಆದ್ದರಿಂದ ವಿಂಡೋಸ್ 11ಕ್ಕೆ ಬದಲಾಗುವ ಸಂಘಗಳು ಮೂರು ವಿಷಯ ಗಮನಿಸಬೇಕು.

ಒಂದು, ಬದಲಾಯಿಸುವ ಮೊದಲೇ ಲೆಕ್ಕದ ಪ್ರತಿಯನ್ನು ಪೆನ್ ಡ್ರೈವಿನಲ್ಲಿ ತೆಗೆದಿಡಬೇಕು.

ಎರಡು, ಕೈಪಿಡಿಯನ್ನು ಮನೆಯಲ್ಲಿ ಓದಿ ಮುಗಿಸಿದರೆ ಸಾಲದು. ಯಂತ್ರದ ಪಕ್ಕದಲ್ಲಿ ತೆರೆದಿಟ್ಟು, ದಿನಕ್ಕೊಂದು ಪಾಠದಂತೆ ಮಾಡಿ ನೋಡಬೇಕು. ಎಡ ಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿ ಹೊಸದರಲ್ಲಿ ಕೆಳಗಡೆ ನಡುವಿಗೆ ಬಂದಿದೆ. ಅಷ್ಟಕ್ಕೇ ಕೈ ತಡವರಿಸುತ್ತದೆ.

ಮೂರು, ಒಂದು ಬಟವಾಡೆ ಮುಗಿಯುವವರೆಗೆ ಪುಸ್ತಕದಲ್ಲಿಯೂ ಬರೆದು, ಎರಡೂ ಲೆಕ್ಕ ತಾಳೆಯಾಗುತ್ತದೆಯೇ ಎಂದು ನೋಡಬೇಕು.

ಸದಸ್ಯರಲ್ಲಿಯೂ ಒಂದು ವಿನಂತಿ. ಹೊಸಬರು ಕರೆಯಲು ಕೂತರೆ ಹಸು ಮೊದಲ ದಿನವೇ ಸಲೀಸಾಗಿ ಹಾಲು ಬಿಡುವುದಿಲ್ಲ. ಹಾಗೆಯೇ ಕಾರ್ಯದರ್ಶಿಯವರಿಗೂ ನಾಲ್ಕು ದಿನ ಬೇಕಾದೀತು. ಸಾಲಿನಲ್ಲಿ ನಿಂತು ಅವಸರಪಡಿಸಬೇಡಿ. ಆದರೆ ದಿನದ ಚೀಟಿಯನ್ನು ಜೋಪಾನವಾಗಿಟ್ಟು, ಬಟವಾಡೆಯ ದಿನ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ಸಂಕೋಚವಿಲ್ಲದೆ ಕೇಳಿ. ಕಂಪ್ಯೂಟರ್ ಸಂಘದ್ದು, ಲೆಕ್ಕ ನಿಮ್ಮದು.