ವಿದ್ಯಾರ್ಥಿಗಳಲ್ಲಿ ಸಾಮಾಜಿಕ ಜಾಲತಾಣದ ಗೀಳು: ಗುರುತಿಸುವ ಬಗೆ, ತಡೆಯುವ ದಾರಿ

(ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ ಪದಾಧಿಕಾರಿಗಳು ಹಾಗೂ ವಿದ್ಯಾರ್ಥಿ ನಿಲಯಗಳ ಮೇಲ್ವಿಚಾರಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ, ಮಗುವಿನ ಕೈಗೆ ಮೊಬೈಲ್ ಕೊಡಿರೆಂದು ಪಾಲಕರನ್ನು ಕೇಳಿಕೊಂಡದ್ದು ಶಾಲೆಯೇ. ಸಾಲ ಮಾಡಿ ಫೋನ್ ಕೊಂಡ ಕೂಲಿಕಾರ ಕುಟುಂಬಗಳೂ ಇದ್ದವು. ತರಗತಿಗಳು ಮತ್ತೆ ತೆರೆದವು. ಫೋನ್ ಮಾತ್ರ ಮಗುವಿನ ಕೈಯಲ್ಲೇ ಉಳಿಯಿತು. ಇಂದಿಗೂ ಅನೇಕ ಕಡೆ ಮನೆಗೆಲಸ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಬರುತ್ತದೆ. ಆದ್ದರಿಂದ ಮಕ್ಕಳನ್ನು ದೂಷಿಸುವ ಮುನ್ನ ಹಿರಿಯರು ತಮ್ಮ ಪಾಲನ್ನು ಒಪ್ಪಿಕೊಳ್ಳುವುದು ನ್ಯಾಯ.

ಹೆಚ್ಚು ಹೊತ್ತಿನ ಬಳಕೆಯೆಲ್ಲವೂ ಗೀಳಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯು ಡಿಜಿಟಲ್ ಆಟಗಳ ವ್ಯಸನವನ್ನು ಕಾಯಿಲೆಯಾಗಿ ಸೇರಿಸಿದೆ. ಜಾಲತಾಣದ ಗೀಳಿಗೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ಹೀಗಿರುವಾಗ ಶಿಕ್ಷಕರು ಯಾವ ಮಗುವಿಗೂ ‘ವ್ಯಸನಿ’ ಎಂಬ ಹಣೆಪಟ್ಟಿ ಹಚ್ಚಬಾರದು. ಗಮನಿಸಬೇಕಾದದ್ದು ಗಂಟೆಗಳ ಲೆಕ್ಕಕ್ಕಿಂತ ಹಿಡಿತ ತಪ್ಪಿದೆಯೇ ಎಂಬುದನ್ನು. ಫೋನ್ ಕೈಯಲ್ಲಿಲ್ಲದಾಗ ಸಿಡಿಮಿಡಿ, ನಿಲ್ಲಿಸಬೇಕೆಂದು ತಾನೇ ನಿಶ್ಚಯಿಸಿಯೂ ಮತ್ತೆ ಮತ್ತೆ ಸೋಲುವುದು, ಸುಳ್ಳು ಹೇಳಿ ನೋಡುವುದು, ಕಬಡ್ಡಿ ಅಂಕಣಕ್ಕೆ ಓಡುತ್ತಿದ್ದವನು ಮೂಲೆ ಸೇರುವುದು, ಮೊದಲ ಅವಧಿಯಲ್ಲೇ ತೂಕಡಿಸುವುದು – ಇವುಗಳಲ್ಲಿ ಹಲವು ಒಟ್ಟಾಗಿ ವಾರಗಟ್ಟಲೆ ಮುಂದುವರಿದರೆ ಮಾತನಾಡಿಸುವ ಸಮಯ ಬಂದಿದೆಯೆಂದೇ ತಿಳಿಯಬೇಕು. ಕೊನೆಯ ಲಕ್ಷಣವನ್ನು ಲಘುವಾಗಿ ಕಾಣಬಾರದು. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ರೀಲ್ಸ್ ಮೊದಲು ಕಸಿಯುವುದು ಈ ನಿದ್ರೆಯನ್ನೇ.

ಮಗುವಿನ ಮನಸ್ಸು ದುರ್ಬಲವೆಂದು ಹೀಗಾಗುವುದಲ್ಲ. ಗಾಳ ಹಾಕಿ ಕುಳಿತವನು ಮೀನು ಯಾವ ಗಳಿಗೆಯಲ್ಲಿ ಕಚ್ಚೀತೆಂದು ತಿಳಿಯದೆಯೇ ಏಳಲಾರದೆ ಕೂರುತ್ತಾನೆ. ಮುಂದಿನ ದೃಶ್ಯ ರಂಜಿಸೀತೋ ಇಲ್ಲವೋ ಎಂಬ ಅನಿಶ್ಚಯವೂ ಬೆರಳನ್ನು ಹಾಗೆಯೇ ಹಿಡಿದಿಡುತ್ತದೆ. ಸರಿಸಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಅಮೆರಿಕದ ಏಜಾ ರಾಸ್ಕಿನ್ ಅವರೇ ಆ ಬಗ್ಗೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದ್ದಾರೆ. ಇನ್‌ಸ್ಟಾಗ್ರಾಮ್ ಖಾತೆಗೆ ಕನಿಷ್ಠ ವಯಸ್ಸು 13. ಆರನೆಯ ತರಗತಿಯ ಮಗುವಿಗೆ ಖಾತೆಯಿದೆಯೆಂದರೆ ಸಾಮಾನ್ಯವಾಗಿ ಜನ್ಮವರ್ಷವನ್ನು ಯಾರೋ ಸುಳ್ಳಾಗಿ ತುಂಬಿದ್ದಾರೆಂದೇ ಅರ್ಥ. ಕೆಲವೊಮ್ಮೆ ಆ ‘ಯಾರೋ’ ಮನೆಯ ಹಿರಿಯರೇ ಆಗಿರುತ್ತಾರೆ.

ತಡೆಗಟ್ಟುವಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಫೋನ್ ಕಿತ್ತುಕೊಳ್ಳುವ ವಿಷಯದಲ್ಲಿ. ಹೆಣ್ಣುಮಕ್ಕಳ ಸಂಗತಿಯಲ್ಲಂತೂ ಇದು ಫೋನಿನಲ್ಲಿಗೇ ನಿಲ್ಲುವುದಿಲ್ಲ. ಯಾರೋ ಅಪರಿಚಿತನು ಭಾವಚಿತ್ರವನ್ನು ತಿದ್ದಿ ಬೆದರಿಸುತ್ತಿದ್ದರೂ, ಹೇಳಿದರೆ ಶಾಲೆ ಬಿಡಿಸಿಯಾರು, ಮದುವೆ ಗೊತ್ತುಮಾಡಿಯಾರು ಎಂಬ ಭಯದಿಂದ ಬಾಲಕಿ ಮೌನವಾಗಿ ನರಳುತ್ತಾಳೆ. ಅಂಥ ಮಗು ಬಾಯಿ ಬಿಡಬೇಕಾದರೆ, ಹೇಳಿಕೊಂಡದ್ದಕ್ಕೆ ಶಿಕ್ಷೆಯಿಲ್ಲವೆಂಬ ನಂಬಿಕೆ ಮೊದಲು ಹುಟ್ಟಬೇಕು. ಮಕ್ಕಳ ಸಹಾಯವಾಣಿ 1098 ಮತ್ತು ಸೈಬರ್ ಅಪರಾಧ ಸಹಾಯವಾಣಿ 1930 ಸಂಖ್ಯೆಗಳನ್ನು ಸೂಚನಾ ಫಲಕದಲ್ಲಿ ಬರೆದರಷ್ಟೇ ಸಾಲದು. ತರಗತಿಯಲ್ಲಿ ಓದಿ ಹೇಳಬೇಕು.

ಮನೆಯಲ್ಲಿ ನಿಯಮವೆಂದರೆ ಎಲ್ಲರಿಗೂ ಒಂದೇ ಇರಲಿ. ರಾತ್ರಿ ಊಟದ ಬಳಿಕ ತಂದೆಯ ಫೋನ್ ಸಹ ಅಡುಗೆಮನೆಯ ಗೂಡಿನಲ್ಲಿಯೇ ಚಾರ್ಜಿಗಿರಲಿ. ಶಾಲೆಗಳು ಮನೆಗೆಲಸವನ್ನು ಕಪ್ಪುಹಲಗೆಯ ಮೇಲೆ ಬರೆಸಿ ದಿನಚರಿಯಲ್ಲಿ ಇಳಿಸಿಕೊಳ್ಳುವ ಹಳೆಯ ಕ್ರಮಕ್ಕೆ ಮರಳಬಹುದು. ಅದಕ್ಕೆ ಯಾವ ಅನುದಾನವೂ ಬೇಡ. ಬಿಡುವಿನ ವೇಳೆಗೆ ಬದಲಿ ಕೊಡದೆ ಬಿಡಿಸುವ ಮಾತು ಫಲಿಸದು. ಶಾಲೆ ಬಿಟ್ಟ ಮೇಲೆ ಮೈದಾನದ ಬಾಗಿಲಿಗೆ ಬೀಗ ಬೀಳುವ ಊರಿನಲ್ಲಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಸಂಜೆ ಮುಚ್ಚಿರುವ ಊರಿನಲ್ಲಿ, ಮಗು ಹೋಗುವುದಾದರೂ ಎಲ್ಲಿಗೆ? ಈ ಪ್ರಶ್ನೆ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳ ಬಾಯಿಂದಲೇ ಬರುವಂತಾಗಲಿ.

ಇಷ್ಟರ ಮೇಲೂ ಮಗು ಊಟ, ಓದು, ಗೆಳೆತನ ಬಿಟ್ಟು ಕುಳಿತರೆ, ಅಥವಾ ಬದುಕು ಬೇಡವೆಂಬ ಮಾತಾಡಿದರೆ, ಉಪದೇಶದಲ್ಲಿ ದಿನ ಕಳೆಯುವಂತಿಲ್ಲ. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಎಂಬ ಚಿಕಿತ್ಸಾಲಯ 2014ರಿಂದ ನಡೆಯುತ್ತಿದೆ. ಅಷ್ಟು ದೂರ ಹೋಗಲಾಗದವರು ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಜೊತೆಗೆ ಪಾಲಕರೊಬ್ಬರು ಹೋಗುವುದು ಅಗತ್ಯ; ಆ ದಿನದ ಕೂಲಿ ತಪ್ಪುವ ಕುಟುಂಬವಾದರೆ ಎಸ್‌ಡಿಎಂಸಿ ಸದಸ್ಯರು ಬಸ್ಸಿನ ಖರ್ಚನ್ನಾದರೂ ವಿಚಾರಿಸಿಕೊಳ್ಳಲಿ.