ಎಷ್ಟು ಮುಂಚೆ ಹೊರಡಬೇಕು?

ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದ ಗೆಳೆಯರೇ,

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದ ನಿಮ್ಮ ತಂದೆತಾಯಿಗಳಲ್ಲಿ ಹಲವರು ಇವತ್ತು ಬೇಕಾದ್ದಕ್ಕಿಂತ ಒಂದು ಬಸ್ಸು ಮುಂಚೆಯೇ ಹತ್ತಿರುತ್ತಾರೆ. ಮಗಳ ಹೆಸರು ಕೂಗುವಾಗ ತಾವಿರಬೇಕಲ್ಲ! ರಸ್ತೆಯ ವರದಿಗಳಲ್ಲಿ ಕಿಲೋಮೀಟರ್ ಇರುತ್ತದೆ, ಕೋಟಿ ಇರುತ್ತದೆ; ಜನ ಕೈಯಿಂದ ಕಟ್ಟುವ ಈ ಮುಂಗಡ ಹೊತ್ತು ಕಾಣುವುದು ಅಪರೂಪ.

ಅಮೆರಿಕದಲ್ಲಿ ಇದನ್ನು ಅಳೆಯುತ್ತಾರೆ. ಅದಕ್ಕೆ ಆಧಾರ 2012ರ ಕಾನೂನು, 2017ರ ನಿಯಮ. ಹೆದ್ದಾರಿಯ ಒಂದು ತುಣುಕಿನ ಪ್ರಯಾಣದ ಹೊತ್ತುಗಳನ್ನು ಸಾಲಾಗಿ ಜೋಡಿಸಿ, ನೂರರಲ್ಲಿ ಎಂಬತ್ತು ಪ್ರಯಾಣ ಮುಗಿಯುವ ಹೊತ್ತನ್ನು ಐವತ್ತು ಮುಗಿಯುವ ಹೊತ್ತಿನಿಂದ ಭಾಗಿಸುತ್ತಾರೆ. ಉತ್ತರ 1.5ಕ್ಕಿಂತ ಕಡಿಮೆಯಿದ್ದರೆ ಆ ತುಣುಕು ನಂಬಿಗಸ್ತ. ಲಾರಿಗಳಿಗೆ ಇನ್ನೂ ಬಿಗಿ: ಎಂಬತ್ತರ ಬದಲು ತೊಂಬತ್ತೈದು. ಇದರ ಮೇಲೆ ರಾಜ್ಯಗಳು ಎರಡು ವರ್ಷದ, ನಾಲ್ಕು ವರ್ಷದ ಗುರಿ ಹಾಕಿಕೊಳ್ಳುತ್ತವೆ.

ಈ ಸೂತ್ರವನ್ನು ಹಾಗೇ ಎತ್ತಿ ತರಬೇಡಿ. ಅದು ರಸ್ತೆಯನ್ನು ಅದರ ಜೊತೆಗೇ ಹೋಲಿಸುತ್ತದೆ. ಒಂದು ತಾಸಿನ ದಾರಿಗೆ ದಿನವೂ ತಪ್ಪದೆ ಮೂರು ತಾಸು ಹಿಡಿದರೆ ಉತ್ತರ ಒಂದರ ಸುತ್ತಲೇ ಬರುತ್ತದೆ. ಗುಂಡಿ ಬಿದ್ದ ರಸ್ತೆ ಮೊದಲ ದರ್ಜೆಯಲ್ಲಿ ಪಾಸು! ಇನ್ನೊಂದು ತಮಾಷೆ: ಈಗಿರುವುದಕ್ಕಿಂತ ಕೆಳಗಿನ ಗುರಿ ಹಾಕಿಕೊಳ್ಳಲೂ ಆ ನಿಯಮದಲ್ಲಿ ಅಡ್ಡಿಯಿಲ್ಲ. ಪರೀಕ್ಷೆ ಬರೆಯುವವನೇ ಪಾಸಿನ ಅಂಕ ಗೊತ್ತು ಮಾಡಿದ ಹಾಗೆ.

ನಮ್ಮಲ್ಲಿ ಹೊತ್ತು ಕೆಡುವುದು ಬೇರೆ ಕಾರಣಕ್ಕೆ. ಕಬ್ಬು ನುರಿಸುವ ತಿಂಗಳುಗಳಲ್ಲಿ ಆಳಂದ ತಾಲ್ಲೂಕಿನ ಭೂಸನೂರ, ಅಫಜಲಪುರದ ಹವಳಗಾ ಕಾರ್ಖಾನೆಗಳ ದಾರಿ ಹಿಡಿಯಿರಿ. ಹಿಂದೆ ದೀಪವಿಲ್ಲದ ಜೋಡಿ ಟ್ರೇಲರು, ಎರಡೂ ಬದಿಗೆ ಚಾಚಿದ ಕಬ್ಬು, ಅದರ ಬೆನ್ನಿಗೆ ಬಸ್ಸು, ಬಸ್ಸಿನ ಬೆನ್ನಿಗೆ ಆಂಬುಲೆನ್ಸ್. ಇದಕ್ಕೆ ಮದ್ದು ನಾಲ್ಕು ಪಥವೇ ಆಗಬೇಕಿಲ್ಲ. ಕಾರ್ಖಾನೆಯೊಳಗೆ ಟ್ರ್ಯಾಕ್ಟರ್ ನಿಲ್ಲಲು ಜಾಗ, ಯಾವ ಗಾಡಿ ಯಾವಾಗ ಬರಬೇಕೆಂದು ಹೇಳುವ ಟೋಕನ್, ಹಿಂದೆ ಕೆಂಪು ರಿಫ್ಲೆಕ್ಟರ್: ಅರ್ಧ ತೊಂದರೆ ಇವುಗಳಲ್ಲೇ ತೀರಬಹುದು ಎನ್ನುವುದು ನನ್ನ ಅಂದಾಜು. ಇನ್ನು ಭೀಮಾ ನದಿ. 2020ರ ಅಕ್ಟೋಬರಿನಲ್ಲಿ ಘತ್ತರಗಿ, ಗಾಣಗಾಪುರದ ಸೇತುವೆಗಳು ನೀರಿನಡಿ ಹೋದವು. ನೂರರಲ್ಲಿ ಎಂಬತ್ತು ಪ್ರಯಾಣ ನೋಡುವ ಲೆಕ್ಕಕ್ಕೆ ಅಂಥ ದಿನಗಳು ಸಿಗುವುದೇ ಇಲ್ಲ. ಸೇತುವೆ ವರ್ಷಕ್ಕೆ ಎಷ್ಟು ತಾಸು ಮುಚ್ಚಬಹುದು ಎಂಬುದಕ್ಕೆ ಬೇರೆಯೇ ಗುರಿ ಬೇಕು.

ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ವರದಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದ ಪಟ್ಟಿಗೆ ಸೇರಿಸಿತು. ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಅಭಿವೃದ್ಧಿ ಮಂಡಳಿ ಬಂತು, ಡಾಂಬರೂ ಬಂತು. ಆದರೆ ಜೇವರ್ಗಿಯ ಗರ್ಭಿಣಿ ಕಲಬುರಗಿಯ ಆಸ್ಪತ್ರೆಗೆ ಎಷ್ಟು ಹೊತ್ತಿನೊಳಗೆ ಖಂಡಿತ ತಲುಪಬೇಕು ಎಂದು ಬರೆದಿಟ್ಟ ಅಂಕಿ ಬೇಕು. ಅದನ್ನು ದಾಟಿದಾಗಲೆಲ್ಲ ಎಂಜಿನಿಯರು ಕಾರಣ ಕೊಡಬೇಕು.

ಅಳೆಯಲು ವಿದೇಶದ ಸಾಫ್ಟ್‌ವೇರಿಗೆ ಕಾಯಬೇಡಿ. ಕಂಡಕ್ಟರ್ ಕೈಯ ಟಿಕೆಟ್ ಯಂತ್ರ ಪ್ರತಿ ಚೀಟಿಯ ಮೇಲೂ ಹೊತ್ತು ಮುದ್ರಿಸುತ್ತದೆ. ಸಾರಿಗೆ ನಿಗಮದ ಡಿಪೋದಲ್ಲಿ ಆ ಲೆಕ್ಕ ಕೇಳಿ ಪಡೆಯಿರಿ. ಅಫಜಲಪುರ ರಸ್ತೆಯಿಂದಲೇ ಶುರು ಮಾಡಿ. ಮೊದಲ ಅಳತೆ ಕಾರ್ಖಾನೆ ಶುರುವಾಗುವ ಮುಂಚೆ, ಎರಡನೆಯದು ಕಬ್ಬಿನ ಸಾಲು ರಸ್ತೆಗಿಳಿದ ಮೇಲೆ.