ಬೆಟ್ಟದ ಔಷಧಿ ಗಿಡಗಳು ಮತ್ತು ನಮ್ಮ ಸಂಘ

(ರಜತ ಮಹೋತ್ಸವದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತಿನ ಬರಹ ರೂಪ)



ನಾವು ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕೆ ಇಳಿದವರು. ಸಸ್ಯಶಾಸ್ತ್ರ ಓದಿದವರಲ್ಲ. ಶಿರಸಿ ಸೀಮೆಯ ನಮ್ಮ ಬೆಟ್ಟದಲ್ಲಿ ಕಂಡದ್ದನ್ನು ಹೇಳುತ್ತೇವೆ, ತಪ್ಪಿದ್ದರೆ ತಿದ್ದಬೇಕು.

1990ರ ದಶಕದಲ್ಲಿ ಉಪ್ಪಾಗೆಗೆ ರೇಟು ಬಂತು. ಅಲ್ಲಿಯವರೆಗೆ ಉಪ್ಪಾಗೆ ಅಂದರೆ ಬೀಜದಿಂದ ತುಪ್ಪ ತೆಗೆಯುವುದು, ಸಿಪ್ಪೆ ಒಣಗಿಸಿ ಹುಳಿಗೆ ಇಟ್ಟುಕೊಳ್ಳುವುದು, ಇಷ್ಟೇ. ಆ ಸಿಪ್ಪೆಯ ಹುಳಿಯಿಂದ ಮೈ ತೂಕ ಇಳಿಸುವ ಔಷಧಿ ಮಾಡ್ತಾರೆ, ಪರದೇಶಕ್ಕೆ ಹೋಗ್ತದೆ ಅಂತ ಸುದ್ದಿಯಾಯ್ತು. (ಉಂಡದ್ದು ಹೆಚ್ಚಾದವರಿಗೆ ನಮ್ಮ ಬೆಟ್ಟದ ಹುಳಿ ಬೇಕಾಯ್ತು ನೋಡಿ!) ನಾವು ಆಗ ಹೈಸ್ಕೂಲು ಹುಡುಗರು. ಹಣ್ಣಾಗಿ ಉದುರುವ ತನಕ ಕಾದರೆ ಬೇರೆಯವರು ಒಯ್ಯುತ್ತಾರೆ ಅಂತ ಕಾಯಿದ್ದಾಗಲೇ ಮರ ಹತ್ತಿದೆವು. ತುದಿಯ ಕಾಯಿ ಕೈಗೆ ಸಿಗದಿದ್ದಾಗ ಟೊಂಗೆಯನ್ನೇ ಕಡಿದೆವು. ನಮ್ಮ ಬೆಟ್ಟದ ದೊಡ್ಡ ಮರವೊಂದು ಆಮೇಲೆ ಸರಿಯಾಗಿ ಫಲ ಬಿಡಲೇ ಇಲ್ಲ. ಕಡಿದವರು ಕಳ್ಳರಲ್ಲ, ನಾವೇ. ಅಪ್ಪ ಕೆಳಗೆ ಗೋಣಿ ಹಿಡಿದು ನಿಂತಿದ್ದರು.

ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡದ ಮರ ಎಂದು ಗಂಡು ಮರವನ್ನು ಕಟ್ಟಿಗೆಗೆ ಕಡಿದವರಿದ್ದಾರೆ. ಆ ಕಟ್ಟಿಗೆ ಏತಕ್ಕೆ? ಕೊಯ್ಲು ಮಳೆಗಾಲದ್ದಾದ್ದರಿಂದ ಸಿಪ್ಪೆಯನ್ನು ಬೆಂಕಿ ಹಾಕಿಯೇ ಒಣಗಿಸಬೇಕು, ಅದಕ್ಕೆ! ಇನ್ನು ಕಾಯಿ ಎಲ್ಲಾ ನಾವೇ ಇಳಿಸಿದರೆ ಮಂಗನಿಗೆ, ಸಿಂಗಳೀಕನಿಗೆ ಏನು ಉಳಿಯಿತು? ಅವು ತಿಂದು ಬೀಜ ಉದುರಿಸಿದಲ್ಲಿ ತಾನೆ ಹೊಸ ಸಸಿ ಏಳುವುದು. ಅಘನಾಶಿನಿ ಕಣಿವೆಯನ್ನು ಸರಕಾರ 2011ರಲ್ಲಿ ಸಿಂಗಳೀಕ ಸಂರಕ್ಷಣಾ ಪ್ರದೇಶ ಮಾಡಿದ್ದು ತಮಗೆ ಗೊತ್ತೇ ಇದೆ.

ಆದರೂ ಹಣ್ಣು ಒಯ್ದರೆ ಮರ ಉಳಿಯುತ್ತದೆ. ಬೇರು, ತೊಗಟೆ, ಬಳ್ಳಿ ಒಯ್ದರೆ ಗಿಡವೇ ಹೋಯ್ತು. ಮರದರಿಶಿನದ ಬಳ್ಳಿ ದಪ್ಪ ಆಗಲಿಕ್ಕೆ ಎಷ್ಟೋ ವರ್ಷ ಬೇಕು, ಬುಡಕ್ಕೆ ಕತ್ತಿ ಹಾಕಲಿಕ್ಕೆ ಒಂದು ಗಳಿಗೆ ಸಾಕು. ಅದರಲ್ಲೂ ಗಂಡು ಹೆಣ್ಣು ಬೇರೆ ಬೇರೆ, ಹಾಗಾಗಿ ಅಲ್ಲೊಂದು ಇಲ್ಲೊಂದು ಉಳಿದರೆ ಬೀಜವೇ ಇಲ್ಲ. ಸರ್ಪಗಂಧಿಯದು ಬೇರು, ಅಶೋಕದ್ದು ತೊಗಟೆ. ಅಶೋಕದ ತೊಗಟೆ ಸಾಕಾಗದೆ ರಸ್ತೆ ಬದಿಯ ಕಂಬದ ಅಶೋಕದ ತೊಗಟೆ ಬೆರೆಸುವವರೂ ಇದ್ದಾರೆ. ಮದ್ದು ಕುಡಿದವರ ಗತಿ ಏನು?

ಅರಣ್ಯ ಇಲಾಖೆಯವರು 1993ರಿಂದ ಈಚೆಗೆ ರಾಜ್ಯದಲ್ಲಿ ಔಷಧಿ ಸಸ್ಯಗಳಿಗೆಂದೇ 13 ಕಡೆ ಕಾಡು ಕಾಯ್ದಿಟ್ಟಿದ್ದಾರೆ. ನಮ್ಮ ಜಿಲ್ಲೆಯ ದೇವಿಮನೆಯೂ ಅದರಲ್ಲಿ ಒಂದು. ಒಳ್ಳೆಯದೇ. ಆದರೆ ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟ ಇರುವುದು ನಮ್ಮ ಕೈಯಲ್ಲಿ. ಅದನ್ನು ಇಲಾಖೆ ಕಾಯುವುದಿಲ್ಲ.

ಆದ್ದರಿಂದ ಸಂಘ ಹಣ್ಣಾದ ಉಪ್ಪಾಗೆಯ ಸಿಪ್ಪೆಯನ್ನು ಮಾತ್ರ ಕೊಳ್ಳಬೇಕು, ಮರದರಿಶಿನ, ಅಶೋಕದ ತೊಗಟೆ ಯಾರು ತಂದರೂ ತೂಕಕ್ಕೇ ಹಾಕಬಾರದು ಎಂಬುದು ನಮ್ಮ ಸೂಚನೆ. ಕಮಿಷನ್ ಕಡಿಮೆಯಾಗ್ತದೆ ಅಂತ ಕಾರ್ಯದರ್ಶಿಗಳು ಈಗಾಗಲೇ ಮುಖ ಸಣ್ಣ ಮಾಡಿದ್ದಾರೆ. ಅದಕ್ಕಿಂತ ದೊಡ್ಡ ಮಾತು, ತೋಟವಿಲ್ಲದ ಮನೆಗಳಿಗೆ ಮಳೆಗಾಲದ ದುಡಿಮೆ ಇದೇ. ಕಾಯಿರಿ ಎಂದು ನಾವು ಹೊಟ್ಟೆ ತುಂಬಿದವರು ಹೇಳುವುದು ಸುಲಭ. ಅದಕ್ಕೆ ಹಣ್ಣಿನ ಸಿಪ್ಪೆಗೆ ಕಿಲೋಕ್ಕೆ ಇಷ್ಟು ಎಂದು ಹೆಚ್ಚು ಕೊಡಬೇಕು, ಆ ಹಣ ಸಂಘದ ಲಾಭದಿಂದ ಬರಲಿ.

ಉಪ್ಪಾಗೆ ಕಸಿಯನ್ನೂ ಮಾಡಬಹುದು. ಬೀಜದ ಗಿಡ ಗಂಡೋ ಹೆಣ್ಣೋ ಎಂದು ಹೂ ಬಿಡುವ ತನಕ ತಿಳಿಯದು, ಕಸಿಯಲ್ಲಿ ಆ ತೊಂದರೆ ಇಲ್ಲ. ಆದರೆ ಎಲ್ಲರೂ ಒಂದೇ ಮರದ ಕಡ್ಡಿ ಕಟ್ಟಬೇಡಿ. ಒಂದು ಮರದ ಹಣ್ಣು ದೊಡ್ಡದು, ಇನ್ನೊಂದರ ಸಿಪ್ಪೆ ದಪ್ಪ, ಮತ್ತೊಂದು ತಡವಾಗಿ ಹಣ್ಣಾಗುವುದು. ಎಲ್ಲವೂ ಬೇಕು.

ಈ ಠರಾವನ್ನು ಬರುವ ಮಹಾಸಭೆಯಲ್ಲಿ ಇಡುತ್ತೇವೆ. ಬೇಡ ಅನ್ನುವವರೂ ಬಂದು ಎದುರಿಗೇ ಬೇಡ ಅನ್ನಿ.